ಕುಣಿಮಗ್ಗಕ್ಕೆ ಇಳಿದ ಚಪ್ಪಲಿ

ಅಪ್ಪನ ಅಂಗಾಲಿಗೆ ಮೊಳೆ ಚುಚ್ಚಿದ್ದು ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಅಪ್ಪನಿಗೇ. ರಬಕವಿಯ ನಮ್ಮ ಪಡಸಾಲೆಯಲ್ಲಿ ಈಗಲೂ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಬರಿಗಾಲಿನಿಂದ ತುಳಿಯುತ್ತ ಅಪ್ಪ ಸೀರೆ ನೇಯುತ್ತಾನೆ. ಒಂದು ಹಲಗೆಯ ಮೊಳೆ ಮೇಲೆದ್ದಿತ್ತು. ಅವನು ಊಟಕ್ಕೆ ಎದ್ದು ಬಂದಾಗ ಅವ್ವ ನೆಲದ ಮೇಲಿನ ರಕ್ತ ಕಂಡು, "ಯಾರ ಕಾಲಿಗೆ ಏನಾತು?" ಎಂದಳು. ಅಪ್ಪ ನಮ್ಮೆಲ್ಲರ ಕಾಲನ್ನೂ ನೋಡಿದ, ತನ್ನದೊಂದನ್ನು ಬಿಟ್ಟು.

ಜಮಖಂಡಿಯ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತುತ್ತ, ತಾಗಿದಾಗ ಹೇಳಿ ಎಂದರು. ಎಳೆ ತಾಗಿದರೂ ಅಪ್ಪನದು ಹೂಂ, ತಾಗದಿದ್ದರೂ ಹೂಂ. ಈ ವಯಸ್ಸಿನಲ್ಲಿ ನಪಾಸಾಗುವುದು ಅವನಿಗೆ ಬೇಕಿರಲಿಲ್ಲ.

"ಸಕ್ಕರಿ ಬ್ಯಾನಿ ಒಳಗಿಂದೊಳಗ ನರ ತಿಂತೈತ್ರಿ" ಎಂದರು ಡಾಕ್ಟರು. "ಗಾಯ ಆದ್ರ ಗೊತ್ತಾಗಂಗಿಲ್ಲ, ಆದದ್ದು ಲಗೂ ಮಾಯಂಗಿಲ್ಲ. ಕೀವು ತುಂಬಿದ್ರ ಮೊದಲ ಬೆರಳು, ಆಮ್ಯಾಲೆ ಪಾದನ ಹೋದೀತು. ಮನ್ಯಾಗೂ ಬರಿಗಾಲಾಗ ಅಡ್ಡಾಡಬ್ಯಾಡ್ರಿ. ಮಗ್ಗದಾಗೂ ಮೆತ್ತನ್ನ ಚಪ್ಪಲಿ ಬೇಕು. ಇಲ್ಲಾಂದ್ರ ನೇಯೂದ ಬಿಡ್ರಿ."

ಅಪ್ಪ ಗುಳಿಗೆಗೆ ಒಪ್ಪಿದ. ಚಹಾಕ್ಕೆ ಬೆಲ್ಲ ಹಾಕುವುದನ್ನು ಬಿಟ್ಟ, ಬೆಲ್ಲ ಅಂದರೆ ಸಕ್ಕರೆಯಲ್ಲ ಎಂಬ ವಾದವನ್ನೂ ಬಿಟ್ಟ. ಪಟ್ಟಿ ಕಟ್ಟಿಸಿಕೊಂಡು, ಗಾಯ ಮಾಯುವ ತನಕ ಮಗ್ಗದ ಕಡೆ ಬರೀ ನೋಡುತ್ತ ಕೂತ. ಚಪ್ಪಲಿಯ ಮಾತು ಬಂದರೆ ಮಾತ್ರ ಸಿಡುಕುತ್ತಿದ್ದ.

"ಅನ್ನ ಕೊಡೂ ಕುಣಿ ಅದು. ಅದರಾಗ ಚಪ್ಪಲಿ ಹಾಕ್ಕೊಂಡು ಇಳೀಲ್ಯಾ?"

ಅವನದೇನೂ ಮೊಂಡುವಾದವಲ್ಲ. ನಮ್ಮಲ್ಲಿ ಮಗ್ಗಕ್ಕೆ ಕೈಮುಗಿಯದೆ ಯಾರೂ ಕುಣಿಗೆ ಕಾಲಿಡುವುದಿಲ್ಲ. ಆದರೆ ಮಗ್ಗ ಬಿಟ್ಟ ಅಪ್ಪನನ್ನು ನೆನೆಸಿಕೊಳ್ಳಲು ನನಗೆ ಭಯವಾಗುತ್ತಿತ್ತು, ಪಾದ ಕಳೆದುಕೊಂಡವನನ್ನು ನೆನೆಸಿಕೊಳ್ಳಲು ಇನ್ನೂ ಭಯ. ಕಾಲುಚೀಲ ಹಾಕಿಸಿ ನೋಡಿದೆವು. ಹಲಗೆ ಜಾರಿ, ಎಳೆ ಹರಿದು ರಂಪವಾಯಿತು. ಜಮಖಂಡಿಯ ಬ್ಯಾಂಕಿನ ನೌಕರಿಯ ಗತ್ತಿನಲ್ಲಿ ನಾನೂ ಉಪದೇಶ ಮಾಡಿದೆ. ಹೆತ್ತ ಅಪ್ಪನನ್ನು ಕೋಣ ಎನ್ನಬಾರದು, ಆದರೆ ನಾನು ಬಾರಿಸಿದ್ದು ಕಿನ್ನರಿಯನ್ನೇ.

ಆಮೇಲೆ ಬನಹಟ್ಟಿಯಿಂದ ಅಪ್ಪನ ಅಕ್ಕ ಬಂದಳು. ನಮ್ಮ ಸೋದರತ್ತೆ ಕೂತು ನೀರು ಕುಡಿಯುವ ಮೊದಲೇ ಜಗಳಕ್ಕೆ ತಯಾರಾಗುವ ಹೆಂಗಸು.

"ಲೇ ತಮ್ಮಾ, ಮಠಕ್ಕ ಹೋದಾಗ ಎದಕ್ಕ ಅಡ್ಡ ಬೀಳತಿ?"

"ಗದ್ದಿಗಿಗೆ. ಪಾದುಕಿಗೆ."

"ಪಾದುಕಿ ಅಂದ್ರ ಏನೋ? ಸ್ವಾಮಿಗಳು ಅವನ್ನ ತಲಿಗೆ ಹಾಕ್ಕೋತಿದ್ರೇನು?"

ಅತ್ತೆ ಚೀಲದಿಂದ ಹಿಮ್ಮಡಿಗೆ ಪಟ್ಟಿಯಿರುವ ಹೊಸ ಮೆತ್ತನೆಯ ಚಪ್ಪಲಿ ತೆಗೆದಳು. ಇನ್ನೂ ಬೀದಿ ತುಳಿಯದವು. ಅವಕ್ಕೆ ವಿಭೂತಿ ಹಚ್ಚಿ, ಮಗ್ಗದ ಮುಂದಿಟ್ಟು ಊದಿನಕಡ್ಡಿ ಬೆಳಗಿದಳು.

"ಹೊಸಾ ಲಾಳಿ ತಂದ್ರ ಹಿಂಗ ಮಾಡ್ತಿ ಹೌದಿಲ್ಲೊ? ಇದೂ ಮಗ್ಗದ ಸಾಮಾನ. ಕುಣಿ ಬಿಟ್ಟು ಹೊರಗ ಬರಂಗಿಲ್ಲ. ಇಳಿ ಇನ್ನ."

ಅಪ್ಪ ನಕ್ಕುಬಿಟ್ಟ. ನಗು ಬಂದ ಮೇಲೆ ಹಟ ನಿಲ್ಲುವುದೆಲ್ಲಿ? ಚಪ್ಪಲಿಗೆ ಕೈಮುಗಿದು, ಹಾಕಿಕೊಂಡು ಇಳಿದ. ಮೊದಮೊದಲು ಕಾಲು ಒಂದು ಹಲಗೆ, ಲಾಳಿ ಇನ್ನೊಂದು ದಾರಿ. ನಾಲ್ಕು ದಿನ ಬೈದುಕೊಂಡೇ ನೇಯ್ದ, ಆಮೇಲೆ ಲಯ ಹತ್ತಿತು. ಓಣಿಯ ನೇಕಾರರು ಚೇಷ್ಟೆ ಮಾಡಲು ಬಂದವರು, ಎಲ್ಲಿ ಸಿಗುತ್ತವೆ ಎಂದು ಕೇಳಿ ಹೋದರು.

ಈ ಸಲ ಯುಗಾದಿಗೆ ಜಮಖಂಡಿಯಿಂದ ಮನೆಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನಮಸ್ಕಾರಕ್ಕೆ ಬಗ್ಗಿದರೆ, ಆಶೀರ್ವಾದ ಮಾಡುವ ಬದಲು ಕಾಲೆತ್ತಿ ಅಂಗಾಲನ್ನು ನನ್ನ ಮುಖದ ಮುಂದೆಯೇ ಹಿಡಿದ.

"ಮೊದಲ ಇದನ್ನ ನೋಡು. ಆಮ್ಯಾಲೆ ಅಡ್ಡ ಬೀಳು."

ಒಂದು ಗೀರೂ ಇರಲಿಲ್ಲ. ಸಂತೋಷಕ್ಕೆ ನನಗೆ ಅಳು ಬಂತು. ಆ ಅಂಗಾಲಿಗೇ ಹಣೆ ಹಚ್ಚಿದೆ.