ಸಿನಿಮಾದಲ್ಲಿ ಸತ್ತ ರಾಚಪ್ಪ

ಸತ್ತವನ ಪಾತ್ರ ಮಾಡಿದ್ದೇ ತಪ್ಪಾಯಿತು ಎಂದು ರಾಚಪ್ಪ ಈಗೀಗ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದ. ಬದುಕಿದ್ದವನು ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿದರೆ ಅವನ ಆಯುಷ್ಯ ಹೆಚ್ಚುತ್ತದೆಂದು ಭೀಮಾ ದಂಡೆಯ ಜನ ನಂಬುತ್ತಾರೆ. ರಾಚಪ್ಪನದಂತೂ ಬರೀ ಸುದ್ದಿಯಲ್ಲ. ಊರಿಗೆ ಊರೇ ನೆರೆದು ಅವನ ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಹೆಂಡತಿಯನ್ನು ಎದುರಿಗೆ ಕೂರಿಸಿ ಅಳಿಸಿ, ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ಟಾಕೀಜಿನಲ್ಲಿ ಟಿಕೆಟ್ಟಿಟ್ಟು ತೋರಿಸಿತ್ತು. ಇಷ್ಟಾದ ಮೇಲೆ ಯಮನಾದರೂ ಏನು ಮಾಡಿಯಾನು? ಈ ಮನೆಯ ಕೆಲಸ ಮುಗಿದಿದೆ ಎಂದುಕೊಂಡು ಮುಂದಿನ ಮನೆಗೆ ಹೋಗಿರಬೇಕು.

ಇಂಡಿ ತಾಲ್ಲೂಕಿನ ಹೊಳೆದಂಡೆಯ ಒಂದು ಊರಲ್ಲಿ ರಾಚಪ್ಪ ಪಂಚಾಯಿತಿಯ ನೀರು ಬಿಡುವವನಾಗಿದ್ದ. ಯಾವ ಓಣಿಗೆ ಯಾವ ಹೊತ್ತಿಗೆ ವಾಲ್ವ್ ತಿರುವಬೇಕು, ಯಾರ ಮನೆಯವರು ಪೈಪಿಗೆ ಕದ್ದು ಮೋಟಾರು ಹಚ್ಚುತ್ತಾರೆ ಎಂಬುದರಲ್ಲೇ ಅವನ ಆಯುಷ್ಯ ಸವೆದಿತ್ತು. ನೀರು ಬಂದರೆ ಅದು ಸರಕಾರದ ನೀರು, ಬಾರದಿದ್ದರೆ ರಾಚಪ್ಪನ ತಪ್ಪು. ಬೈಸಿಕೊಂಡು ಬೈಸಿಕೊಂಡು ಅವನ ಮೂಗಿನ ತುದಿಯಲ್ಲೇ ಸಿಟ್ಟು ಮನೆ ಮಾಡಿತು, ಮತ್ತು ಆ ಸಿಟ್ಟನ್ನು ಸಂಜೆ ಮನೆಗೆ ತಂದು ಹೆಂಡತಿ ಶೆಟ್ಟೆವ್ವನ ಮುಂದೆ ಚೆಲ್ಲುವುದು ರೂಢಿಯಾಯಿತು. ಶೆಟ್ಟೆವ್ವ ಉತ್ತರ ಕೊಡುವವಳಲ್ಲ. ರೊಟ್ಟಿ ಬಡಿಯುವ ಸಪ್ಪಳವನ್ನು ಮಾತ್ರ ಸ್ವಲ್ಪ ಜೋರು ಮಾಡುತ್ತಿದ್ದಳು.

ಅವಳು ತೀರಿಹೋಗಿ ಇದು ಎರಡನೆಯ ವರ್ಷ. ಮಗಳು ಸುನಂದಾ ಸಿಂದಗಿಯಲ್ಲಿ ಸಾಲಿ ಟೀಚರು, ತಂದೆಯನ್ನು ತನ್ನಲ್ಲಿಗೇ ಕರೆತಂದಿದ್ದಳು. ಮೊಣಕಾಲು ಹಿಡಿದುಕೊಂಡಿದ್ದವು, ಒಂದು ಕಣ್ಣು ಮಂಜು, ಮೇಲೆ ಬಿಪಿ. ಬೆಳಿಗ್ಗೆ ಮಗಳು ಕೈಯಲ್ಲಿಟ್ಟು ಹೋಗುವ ಗುಳಿಗೆಯನ್ನು ಅವನು ಬಾಯಿಗೆ ಹಾಕಿದಂತೆ ಮಾಡಿ, ಅವಳು ಬಸ್ಸಿಗೆ ಹೊರಟ ಮೇಲೆ ದಾಸವಾಳದ ಕುಂಡದ ಮಣ್ಣಿನಲ್ಲಿ ಹುಗಿದುಬಿಡುತ್ತಿದ್ದ. ಸಾಯಬೇಕೆಂಬ ಹಟವೇನೂ ಇರಲಿಲ್ಲ. ಸಾಕಾಗಿತ್ತು, ಅಷ್ಟೇ. ಯಾರಿಗೆಂದು ಇದನ್ನು ಎಳೆದುಕೊಂಡು ಹೋಗುವುದು ಎಂದು ಬೇಸರವಾಗಿತ್ತು. ಸುನಂದಾ ಒಮ್ಮೆ ಕುಂಡಕ್ಕೆ ನೀರು ಹಾಕುವಾಗ ಮಣ್ಣಿನಲ್ಲಿ ಬಿಳಿಯ ಚೂರುಗಳನ್ನು ಕಂಡು ಅತ್ತಳು. ಅತ್ತದ್ದನ್ನು ನೋಡಿಯೂ ಅವನು ಹುಗಿಯುವುದನ್ನು ಬಿಡಲಿಲ್ಲ, ಕುಂಡ ಬದಲಿಸಿದ.

ಹೀಗಿರುವಾಗ ಕಾಲೇಜಿನಲ್ಲಿ ಪಾಠ ಹೇಳುವ ಚೇತನಕುಮಾರ ಎಂಬ ಹುಡುಗ ಮನೆಗೆ ಬಂದ. ಹಳೆಯ ಸಿನಿಮಾ ತೋರಿಸುವ ಹುಚ್ಚು ಅವನಿಗೆ. ‘ಊರು ಹೊಕ್ಕ ಹೊಳೆ’ ಸಿನಿಮಾದ ಪ್ರಿಂಟು ಯಾವುದೋ ಗೋಡೌನಿನಲ್ಲಿ ಸಿಕ್ಕಿದೆ, ಅದನ್ನು ತೊಳೆದು ಹೊಸದು ಮಾಡಿದ್ದಾರೆ, ಬರುವ ರವಿವಾರ ಮಧ್ಯಾಹ್ನ ಕಲ್ಯಾಣಮಂಟಪದಲ್ಲಿ ತೋರಿಸುತ್ತೇವೆ ಎಂದ.

“ಕಾಕಾ, ಆ ಪಿಚ್ಚರನ್ಯಾಗ ಪಾರ್ಟ್ ಮಾಡಿದವರೊಳಗ ಈಗ ಉಳದವರು ನೀವೊಬ್ಬರ ಅದೀರಿ. ನಿಮಗ ಸನ್ಮಾನ ಮಾಡ್ತೇವ್ರಿ.”

“ಯಾಕ ಉಳದೆ ಅಂತ ನಾನೂ ಕೇಳಾಕತ್ತೇನಿ,” ಎಂದ ರಾಚಪ್ಪ. “ಶಾಲು ಬ್ಯಾಡ, ಹಾರ ಬ್ಯಾಡ. ಹಾರ ಒಮ್ಮೆ ಹಾಕಿಸಿಕೊಂಡದ್ದ ಸಾಕಾಗೈತಿ.”

ಹುಡುಗ ಎದ್ದು ಚಪ್ಪಲಿ ಹಾಕಿಕೊಳ್ಳುತ್ತ, ಸುಮ್ಮನೆ ಒಂದು ಮಾತು ಎಂಬಂತೆ ಹೇಳಿದ: “ನಿಮ್ಮ ಮನಿಯವರು ಅಳೂ ಸೀನ್ ಬಾಳ ಛಂದ ಬಂದೈತ್ರಿ. ಮುಖ ಅಗದಿ ಹತ್ತರ ಕಾಣ್ತೈತಿ.”

ರಾಚಪ್ಪ ಗೋಡೆಯ ಕಡೆ ನೋಡಿದ. ಶೆಟ್ಟೆವ್ವನದೆಂದು ಮನೆಯಲ್ಲಿದ್ದ ಫೋಟೋ ಒಂದೇ, ಆಧಾರ್ ಕಾರ್ಡಿನದು. ಅದರಲ್ಲಿ ಅವಳನ್ನು ಪೊಲೀಸರು ಹಿಡಿದು ತಂದು ನಿಲ್ಲಿಸಿದಂತೆ ಕಾಣುತ್ತಿತ್ತು. ಅದನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ, ಅದರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದರು. ವಯಸ್ಸಿದ್ದಾಗಿನ ಅವಳ ಮುಖ ಅವನಿಗೆ ಎಷ್ಟು ನೆನೆದರೂ ಪೂರ್ತಿ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಅಳುವಿನ ಬಗ್ಗೆ ಒಂದು ಪ್ರಶ್ನೆ ಅವನೊಳಗೆ ನಾಲ್ಕು ದಶಕದಿಂದ ಮುಳ್ಳಿನಂತೆ ಉಳಿದಿತ್ತು. ಹೋಗಲೋ ಬೇಡವೋ ಎಂದು ವಾರವಿಡೀ ತಿಣುಕಾಡಿ, ರವಿವಾರ ತಾನಾಗಿಯೇ ಧೋತರ ಉಟ್ಟು ಹೊರಟು ನಿಂತ.

ಆ ಸಿನಿಮಾದ ಕಥೆ ಏನೆಂದರೆ, ಹೊಳೆ ಬಂದು ಊರು ಮುಳುಗುತ್ತದೆ, ಅಂಬಿಗನೊಬ್ಬ ಜನರನ್ನು ಉಳಿಸುತ್ತಾನೆ. ಶೂಟಿಂಗಿಗೆ ಬಂದಾಗ ಹೊಳೆಯಲ್ಲಿ ಎಮ್ಮೆ ಮೈ ತೋಯುವಷ್ಟೂ ನೀರಿರಲಿಲ್ಲ. ಮಳೆ ಸುರಿಸಲು ಟ್ಯಾಂಕರ್ ತರಿಸಿ ಪೈಪು ಮೇಲಕ್ಕೆತ್ತಿದರೆ, ಊರ ಹೆಂಗಸರು ಕೊಡ ಹಿಡಿದುಕೊಂಡು ಕೆಳಗೆ ಬಂದು ನಿಂತರು. ನಿರ್ದೇಶಕ ಕೂಗಿ ಕೂಗಿ ಗಂಟಲು ಹರಿದುಕೊಂಡ. ಅಂಬಿಗನಾದ ಹೀರೋಗೆ ಈಜು ಬರುತ್ತಿರಲಿಲ್ಲ, ಮೊಣಕಾಲುದ್ದದ ನೀರಿನಲ್ಲೂ ಅವನ ಹಿಂದೆ ಇಬ್ಬರು ಬಗ್ಗಿಕೊಂಡು ಸೊಂಟ ಹಿಡಿದಿರುತ್ತಿದ್ದರು. ಗೌಡನ ಪಾತ್ರದ ದಪ್ಪ ನಟ ಶೇಂಗಾ ಹಿಂಡಿಯ ಚಟ್ನಿಗೆ ಮರುಳಾಗಿ ಊಟದ ಹೊತ್ತಿಗೆ ಸರಿಯಾಗಿ ರಾಚಪ್ಪನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದ. ಮುದುಕಿಯ ಪಾತ್ರ ಮಾಡಿದವಳು ಹರೆಯದ ಹೆಂಗಸು, ಬಿಳಿಯ ಕೂದಲನ್ನು ಕಳಚಿ ಮಡಿಲಲ್ಲಿಟ್ಟುಕೊಂಡು ಊರ ಹೆಂಗಸರ ಜೊತೆ ಹರಟುತ್ತಿದ್ದಳು. ಅವರೆಲ್ಲ ಒಬ್ಬೊಬ್ಬರಾಗಿ ಹೋದ ಸುದ್ದಿಯನ್ನು ರಾಚಪ್ಪ ಆಮೇಲೆ ಟಿವಿಯಲ್ಲಿ ನೋಡಿದ್ದ. ಸಿನಿಮಾದಲ್ಲಿ ಹೊಳೆಯಿಂದ ಪಾರಾದವರು ಯಾರೂ ಉಳಿದಿರಲಿಲ್ಲ, ಮುಳುಗಿ ಸತ್ತವನೊಬ್ಬ ಉಳಿದಿದ್ದ.

ಸತ್ತವನ ಪಾತ್ರಕ್ಕೆ ಬೆಂಗಳೂರಿನಿಂದಲೇ ಒಬ್ಬನನ್ನು ತಂದಿದ್ದರು. ನಿರ್ದೇಶಕ ಅವನನ್ನು ದಂಡೆಯ ಮೇಲೆ ಮಲಗಿಸಲು ಹೊರಟಾಗ ಊರ ಹಿರಿಯರು ಅಡ್ಡ ಬಂದರು. “ನಮ್ಮ ಕಡೆ ಹೆಣ ಮಲಗಸೂದಿಲ್ರಿ, ಕೂಡಸ್ತೀವಿ. ನಮ್ಮೂರ ಹೆಸರ ಹೇಳಿ ತಪ್ಪ ತೋರಸಬ್ಯಾಡ್ರಿ.” ಹಾಗಾದರೆ ನೀವೇ ಮಾಡಿ ತೋರಿಸಿ ಎಂದ ನಿರ್ದೇಶಕ. ಸುಳ್ಳು ಸಾವಾದರೇನು, ಹಿರಿಯರಿಗೆ ಅರೆಬರೆ ಮಾಡಿ ಗೊತ್ತಿರಲಿಲ್ಲ. ಗೋಡೆಗೆ ಗೂಟ ಹೊಡೆದರು, ಬಟ್ಟೆಯಿಂದ ಬಿಗಿದು ಕೂರಿಸಲು ಸಿದ್ಧ ಮಾಡಿದರು, ವಿಭೂತಿ ತಂದರು, ಹತ್ತಿ ಹಿಂಜಿದರು. ಇದನ್ನೆಲ್ಲ ನೋಡಿದ ಬೆಂಗಳೂರಿನವನು ನನಗೆ ಹೆಂಡತಿ ಮಕ್ಕಳಿದ್ದಾರೆ ಎಂದು ಹೇಳಿ ಅಂದೇ ಬಸ್ಸು ಹತ್ತಿದ. ವಾಲ್ವಿನ ಪಕ್ಕ ಗಂಟೆಗಟ್ಟಲೆ ಅಲುಗದೆ ಕೂತು ರೂಢಿಯಿದ್ದ ರಾಚಪ್ಪನನ್ನು ಅವನ ಜಾಗಕ್ಕೆ ಕೂರಿಸಿದರು. ಮೂಗಿಗೂ ಕಿವಿಗೂ ಹತ್ತಿ ತುರುಕಿದರು.

ಅಳಲು ಬಂದ ನಟಿ ನಾಟಕದಂತೆ ಎದೆ ಬಡಿದುಕೊಂಡಳು, ಊರವರು ಕಿಸಕ್ಕನೆ ನಕ್ಕರು. ಇವನ ನಿಜವಾದ ಹೆಂಡತಿ ಇಲ್ಲವೇ ಎಂದು ನಿರ್ದೇಶಕ ಕೇಳಿದ. ಹಿಟ್ಟು ನಾದುತ್ತಿದ್ದ ಶೆಟ್ಟೆವ್ವನನ್ನು ಹಾಗೆಯೇ ಎಬ್ಬಿಸಿ ತಂದರು. ಧ್ವನಿ ಆಮೇಲೆ ಸೇರಿಸುತ್ತೇವೆ, ಸುಮ್ಮನೆ ಬಾಯಿ ಆಡಿಸಿದರೆ ಸಾಕು ಎಂದರು. ಆ ಕಡೆಯ ಹೆಂಗಸರಿಗೆ ಸುಮ್ಮನೆ ಬಾಯಿ ಆಡಿಸಿ ಅಳುವುದು ಹೇಗೆ ಬರಬೇಕು? ಅವರು ಸತ್ತವನ ಗುಣ ಎತ್ತಿ, ನೆನಪು ಎತ್ತಿ ಹಾಡ್ಯಾಡಿ ಅಳುವವರು, ಸುತ್ತ ಕೂತವರು ಕೊನೆಯ ಮಾತು ಹಿಡಿದು ದನಿಗೂಡಿಸುವವರು. ಶೆಟ್ಟೆವ್ವ ಹಾಡ್ಯಾಡಿ ಅತ್ತಳು. ಹತ್ತಿ ತುರುಕಿಕೊಂಡು ಕಣ್ಣು ಮುಚ್ಚಿ ಕೂತಿದ್ದ ರಾಚಪ್ಪನಿಗೆ ಏನೋ ಗುಂಯ್ ಎಂದದ್ದು ಬಿಟ್ಟರೆ ಒಂದು ಮಾತೂ ಕೇಳಲಿಲ್ಲ.

ಎದ್ದು ಹೊರಗೆ ಹೋಗಿ ತಿರುಗಿ ಬಂದು ನೋಡಿದರೆ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಏನಂದಳು ಎಂದರೆ ಯಾರೂ ಹೇಳಲೊಲ್ಲರು. ಮನೆಯಲ್ಲಿ ಕೇಳಿದರೆ ಶೆಟ್ಟೆವ್ವ, “ನಾ ಏನ ಅಂದೇನಿ? ಅಳು ಅಂದ್ರು, ಅತ್ತೆ,” ಎಂದಳು. ಆ ದಿನ ಬೆಳಿಗ್ಗೆಯೇ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಅವನು ಉಣ್ಣುವ ಗಂಗಾಳ ಬೀಸಿ ಒಗೆದಿದ್ದ. ಅದನ್ನೇ ಹಾಡು ಕಟ್ಟಿ ಹೆಂಗಸರ ಮುಂದೆ ತನ್ನ ಮರ್ಯಾದೆ ಕಳೆದಿರಬೇಕು ಎಂದುಕೊಂಡ. ಆಮೇಲೆ ಎಷ್ಟೋ ವರ್ಷ ಹೆಂಡತಿಯ ಮುಖ ನೋಡಿದಾಗಲೆಲ್ಲ ಅವನಿಗೆ ಆ ನಗು ನೆನಪಾಗುತ್ತಿತ್ತು. ಸಿನಿಮಾ ಇಂಡಿಯ ಟಾಕೀಜಿಗೆ ಬಂದಾಗ ಹೋಗಿ ನೋಡಿದ. ಅವಳನ್ನು ನೋಡಲಿಲ್ಲ. ತನ್ನ ರೆಪ್ಪೆ ಅಲುಗಿತೋ ಇಲ್ಲವೋ ಎಂದು ತನ್ನನ್ನೇ ನೋಡಿಕೊಂಡು ಬಂದ. ಮನುಷ್ಯನ ಬುದ್ಧಿ.

ಕಲ್ಯಾಣಮಂಟಪದಲ್ಲಿ ಅವನನ್ನು ಮುಂದಿನ ಕುರ್ಚಿಗೆ ಕರೆದೊಯ್ದು ಕೂರಿಸಿದರು. ಪರದೆಯ ಮೇಲೆ ಬೆಳಕು ಬಿದ್ದಾಗ ಕೋಲೂರಿಕೊಂಡು ಒಬ್ಬ ಮುದುಕಿ ಬಂದು ಪಕ್ಕದ ಕುರ್ಚಿಯಲ್ಲಿ ಉಸ್ಸೆಂದು ಕೂತಳು. ಬಾನುಬಿ. ಊರಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವಳು, ಶೆಟ್ಟೆವ್ವನ ಜೀವದ ಗೆಳತಿ, ಈಗ ಸಿಂದಗಿಯಲ್ಲಿ ಬಳೆ ಅಂಗಡಿ ಇಟ್ಟ ಮಗನ ಜೊತೆ ಇರುವವಳು.

“ನನ್ನ ಯಾರೂ ಕರದಿಲ್ಲ ಬಿಡ್ರಿ,” ಎಂದಳು. “ನಾನೂ ಅದೇನಿ ಅದರಾಗ. ಹೆಣದ ಪಾರ್ಟಿಗೆ ಸನ್ಮಾನ, ಅತ್ತವರಿಗೆ ಏನೂ ಇಲ್ಲೇನು?”

ಸಿನಿಮಾ ನಡೆಯಿತು. ಅಂಬಿಗ ಹೀರೋ ಅಬ್ಬರಿಸಿದ. ಮಳೆ ಸುರಿಯುವಾಗ ಹಿಂದಿನ ಬೇವಿನ ಮರದ ಮೇಲೆ ಚುರುಗುಟ್ಟುವ ಬಿಸಿಲಿತ್ತು. ಒಂದು ಮೂಲೆಯಲ್ಲಿ ಕೊಡ ಹಿಡಿದ ಕೈಯೊಂದು ನುಸುಳಿ ಬಂದು ಮಾಯವಾಯಿತು, ಮಂಟಪದಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ದಪ್ಪ ಗೌಡ ಮಾಳಿಗೆ ಹತ್ತಿ ಕೈಮುಗಿದು ಬೇಡಿಕೊಳ್ಳುವಾಗ ಮಾತ್ರ ಯಾರೂ ನಗಲಿಲ್ಲ. ಪಾಪ, ಚೆನ್ನಾಗಿ ಮಾಡಿದ್ದ. ರಾಚಪ್ಪನಿಗೆ ಅವನು ಶೇಂಗಾ ಹಿಂಡಿ ಕೇಳುವ ದನಿ ನೆನಪಾಯಿತು.

ಆಮೇಲೆ ಆ ಗೋಡೆ ಬಂತು, ಗೂಟ ಬಂತು, ಹಾರ ಹಾಕಿಕೊಂಡು ಕೂತ ಅವನೇ ಬಂದ. ಈ ಸಲ ಅವನು ತನ್ನನ್ನು ನೋಡಿಕೊಳ್ಳಲಿಲ್ಲ. ಪರದೆಯ ತುಂಬ ಶೆಟ್ಟೆವ್ವನ ಮುಖ ಬಂತು. ಎಷ್ಟು ಚಿಕ್ಕವಳು! ಮೊಳಕೈತನಕ ಹಿಟ್ಟು ಹಾಗೇ ಒಣಗಿತ್ತು. ಬಾಯಿ ಏನೇನೋ ಹೇಳುತ್ತಿತ್ತು. ಆದರೆ ಕೇಳುತ್ತಿದ್ದುದು ಪಿಟೀಲು, ಮತ್ತು ಯಾರೋ ಪಟ್ಟಣದ ಹೆಂಗಸಿನ ಅಳು.

“ಇದು ಆಕಿ ದನಿ ಅಲ್ಲ,” ಎಂದಳು ಬಾನುಬಿ.

ರಾಚಪ್ಪ ಅವಳ ಕಡೆ ತಿರುಗಲಿಲ್ಲ. ಪರದೆ ನೋಡುತ್ತಲೇ ಕೇಳಿದ: “ಬಾನುಬಿ, ಆವತ್ತ ಆಕಿ ಏನಂದ್ಲು? ನನ್ನ ಬೈದಾಡಿ ಅತ್ಲೇನು?”

“ಯಾರಿಗೂ ಹೇಳಬ್ಯಾಡ್ರೆ ಅಂತ ಆಣಿ ಹಾಕಿಸಿಕೊಂಡಿದ್ಲು,” ಎಂದಳು ಬಾನುಬಿ. “ಈಗ ಆಣಿ ಕೇಳಾಕ ಆಕೀನ ಇಲ್ಲ.” ಆಮೇಲೆ ಪರದೆಯ ಮೇಲಿನ ತುಟಿಗಳನ್ನೇ ನೋಡುತ್ತ, ಅಂದು ದನಿಗೂಡಿಸಿದ ಧಾಟಿಯಲ್ಲೇ, ಸಣ್ಣಗೆ ಎತ್ತಿದಳು. “ರಾಚಪ್ಪಾ ನನ್ನ ರಾಚಪ್ಪಾ, ಕಣ್ಣ ತೆರಿಯೋ. ಸುಳ್ಳ ಸಾವ ಅಂತಾರೋ, ನನ್ನ ಜೀವಕ್ಕ ತಿಳಿವಲ್ದೋ. ನನಕಿಂತ ಮುಂದ ಹೋಗಬ್ಯಾಡೋ, ನನ್ನ ಕಳಿಸಿ ಬಾರೋ. ನನ್ನ ಆಯುಷ್ಯ ನಿನಗ ಹತ್ತಲೋ, ನನ್ನ ರಾಚಪ್ಪಾ.”

ಶೆಟ್ಟೆವ್ವ ಜೀವಮಾನದಲ್ಲಿ ಅವನ ಹೆಸರು ಹಿಡಿದವಳಲ್ಲ. ರೇಶನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ ಪಕ್ಕದವರ ಕಡೆ ನೋಡುತ್ತಿದ್ದಳು.

“ಮತ್ತ ನೀವೆಲ್ಲಾ ನಕ್ಕಿದ್ದು?” ಎಂದ.

“ಕಟ್ ಅಂದ್ರಲ್ರಿ, ನೀವು ಹತ್ತಿ ಕಿತ್ತ ಒಗದು ಬೀಡಿ ಸೇದಾಕ ಹೋದ್ರಿ. ಆಕಿ ಇನ್ನೂ ಅಲ್ಲೇ ಕುಂತು ಆ ಖಾಲಿ ಗ್ವಾಡಿ ನೋಡಿ ಅಳಾಕತ್ತಿದ್ಲು. ನಿನ್ನ ಗಂಡ ಎದ್ದು ಹೋದ ಏಳ ಅಂದ್ರೂ ಏಳವಲ್ಲಳು. ಅದಕ್ಕ ನಕ್ಕೇವ್ರಿ.”

ಪರದೆಯ ಮೇಲೆ ಮತ್ತೆ ಹೊಳೆ ಬಂದಿತ್ತು. ರಾಚಪ್ಪನಿಗೆ ಮುಂದಿನದು ಏನೂ ಕಾಣಲಿಲ್ಲ. ಕಣ್ಣೀರನ್ನು ಶಾಲಿನಿಂದ ಒರೆಸಿಕೊಳ್ಳೋಣವೆಂದರೆ ಶಾಲು ಇನ್ನೂ ಹೊದಿಸಿರಲಿಲ್ಲ, ಧೋತರದ ಚುಂಗನ್ನೇ ಹಿಡಿದುಕೊಂಡ. ಕೊನೆಗೆ ವೇದಿಕೆಗೆ ಕರೆದು ಎರಡು ಮಾತು ಆಡಿರಿ ಎಂದಾಗ, ಮೈಕಿನ ಮುಂದೆ ನಿಂತು, “ಅಲ್ಲಿ ಕುಂತಾಳಲ್ಲ ಬಾನುಬಿ, ಆಕಿನ್ನೂ ಕರೀರಿ,” ಎಂದಷ್ಟೇ ಹೇಳಿದ. ತನಗೆ ಹೊದಿಸಿದ ಶಾಲನ್ನು ಅವಳ ಹೆಗಲಿಗೆ ಹಾಕಿ ಕೆಳಗಿಳಿದ. ಇಳಿಯುವಾಗ ಮೊಣಕಾಲು ಎಂದಿನಂತೆಯೇ ನೋಯುತ್ತಿದ್ದವು.

ಮನೆಗೆ ಬಂದಾಗ ಸುನಂದಾ ಸಾಲಿಯ ಪೇಪರು ತಿದ್ದುತ್ತಿದ್ದಳು. ಹೇಗಿತ್ತು ಎಂದು ಕೇಳಿದಳು. ಅವನು ಗೋಡೆಯ ಮೇಲಿನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತ. ಸುಸ್ತಾಗಿತ್ತು, ಅದೇನೂ ಕಡಿಮೆಯಾಗಿರಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು ಕೈ ಚಾಚಿದ.

“ಮುಂಜಾನಿ ಗುಳಿಗಿ ಕೊಡವ್ವಾ.”

ಸುನಂದಾ ತಲೆಯೆತ್ತಿ ನೋಡಿದಳು. “ಮುಂಜಾನಿ ಕೊಟ್ಟಿದ್ನಲ್ಲಪಾ. ತಗೊಂಡಿಲ್ಲೇನು?”

“ಇಲ್ಲ. ಕುಂಡದಾಗ ಹಾಕೇನಿ. ಇನ್ನ ಹಾಕೂದಿಲ್ಲ,” ಎಂದ ರಾಚಪ್ಪ. “ನನ್ನ ಆಯುಷ್ಯ ಯಾವಾಗೋ ಮುಗದಿರಬೇಕು. ಈಗ ನಡದದ್ದು ನಿಮ್ಮವ್ವಂದು. ಆಕಿ ಕೊಟ್ಟದ್ದನ್ನ ಮಣ್ಣಾಗ ಹುಗ್ಯಾಕ ನಾ ಯಾರು? ನೀರ ತಾ.”