ಬೆಳ್ಳಿಚುಕ್ಕಿಯ ಗಂಟೆ ಕಾದವರು

ಬೆಳಿಗ್ಗೆ ಐದೂವರೆ. ನೌಕಾನೆಲೆಯ ಹಳೇ ಉಗ್ರಾಣದ ಬೀಗ ತೆಗೆದ ಗಂಟೆಯಕ್ಕ ಚಪ್ಪಲಿ ಹೊರಗೆ ಬಿಟ್ಟು, ಮಣೆ ಎಳೆದುಕೊಂಡು ಕೂರುತ್ತಾರೆ. ಎದುರಿಗೆ ಮೊಣಕಾಲೆತ್ತರದ ಹಿತ್ತಾಳೆ ಗಂಟೆ. ಹಳೇ ಬನಿಯನ್ ಚೂರಿಗೆ ಪಾಲಿಶ್ ಹಚ್ಚಿ, ಮಗುವಿನ ಮುಖ ಒರೆಸಿದಂತೆ ಒರೆಸುತ್ತಾರೆ. ನಾನು ಕೈ ಚಾಚಿದರೆ, “ಮುಟ್ಟಬೇಡಿ, ಬೆರಳಚ್ಚು ಬೀಳುತ್ತೆ” ಎಂಬ ಗದರಿಕೆ. ಸಂದರ್ಶನ ಶುರುವಾಗಿದ್ದೇ ಬೈಸಿಕೊಂಡು, ನೋಡಿ!

ಐವತ್ತೆಂಟರ ಈ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದೇ ಗಂಟೆಯಕ್ಕ ಎಂದು. ಇವರ ಸುಪರ್ದಿಯಲ್ಲಿ ಹನ್ನೊಂದು ಗಂಟೆ, ನಲವತ್ಮೂರು ನಾಮಫಲಕಗಳಿವೆ. ಎಲ್ಲವೂ ಕಳಚಿಹಾಕಿದ ಯುದ್ಧನೌಕೆಗಳವು. ದಿನಕ್ಕೆ ಆರರ ಸರದಿ, ಒಂದೊಂದಕ್ಕೆ ನಲವತ್ತು ನಿಮಿಷ. ಮುಂದೆ ಅದೇ ಹೆಸರಿನ ಹೊಸ ಹಡಗು ಬಂದರೆ ಹಳೆಯದರ ಗಂಟೆ ಅದಕ್ಕೆ ಸಲ್ಲುವುದು ಇಲ್ಲಿನ ವಾಡಿಕೆ. ಅಲ್ಲಿಯವರೆಗೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಕಟ್ಟಿರುತ್ತಾರೆ. ಹಡಗಿಲ್ಲದ ಗಂಟೆ ಬಾರಿಸುವಂತಿಲ್ಲ.

ಎದುರಿಗಿರುವುದು ‘ಬೆಳ್ಳಿಚುಕ್ಕಿ’ಯ ಗಂಟೆ. ಮೊದಲ ಬೆಳ್ಳಿಚುಕ್ಕಿ ಯುದ್ಧದಲ್ಲಿ ಮುಳುಗಿದಾಗ ಮುಳುಗುಗಾರರು ಇದನ್ನು ಎತ್ತಿ ತಂದರು. ಎರಡನೆಯದರಲ್ಲಿ ಇಪ್ಪತ್ತಾರು ವರ್ಷ ಬಾರಿಸಿತು. ಗಂಟೆಯಕ್ಕನ ಅಪ್ಪ ಆ ಹಡಗಿನ ಅಡುಗೆಯವರು. ರಜೆಗೆ ಬಂದಾಗ ಸೌಟಿನಿಂದ ಪಾತ್ರೆ ಬಡಿದು ಮಗಳಿಗೆ ಗಂಟೆಯ ದನಿ ಕೇಳಿಸುತ್ತಿದ್ದರಂತೆ. ಕೊನೆಗೆ ಪ್ರತಿಸಲವೂ, ಇದಲ್ಲ, ಇದಕ್ಕಿಂತ ಚೆಂದ ಎನ್ನುತ್ತಿದ್ದರಂತೆ.

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅದೇ ವರ್ಷ ಹಡಗು ನಿವೃತ್ತಿಯಾಯಿತು, ಮಗಳು ಈ ಕೆಲಸಕ್ಕೆ ಸೇರಿದರು. ಎಡವಟ್ಟಾಗಿದ್ದು ಆಗಲೇ. ಸರದಿ ಗಿರದಿ ನೋಡದೆ ಈ ಗಂಟೆಯೊಂದನ್ನೇ ದಿನಾ ಒರಟು ಪುಡಿ ಹಾಕಿ ತಿಕ್ಕಿದರು. ಅತಿಯಾದರೆ ಅಮೃತವೂ ವಿಷ. ವರ್ಷ ತುಂಬುವಷ್ಟರಲ್ಲಿ ಕೆತ್ತಿದ ಹೆಸರು ಸವೆದು ಹೋಗಿತ್ತು. ಹಳೇ ಗಂಟೆಯ ಮೇಲೆ ಮತ್ತೆ ಉಳಿ ಇಡುವ ಪದ್ಧತಿಯೂ ಇಲ್ಲ.

ಈಗ ಮೂರನೇ ಬೆಳ್ಳಿಚುಕ್ಕಿ ಸಿದ್ಧವಾಗಿದೆ. ಹೆಸರು ಓದಲು ಬಾರದಿದ್ದರೆ ಹೊಸ ಗಂಟೆ ಎರಕ ಹೊಯ್ಯಿಸುತ್ತೇವೆ ಎಂದು ಕಾಗದ ಬಂದಾಗ ಗಂಟೆಯಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ. ಕಳೆದ ವಾರ ಹೊಸ ಹಡಗಿನ ಕಪ್ತಾನರು ಖುದ್ದಾಗಿ ಬಂದರು. ಹೀಗೆ ಉಜ್ಜಿದ್ದು ಯಾರು ಎಂದು ಕೇಳಿದರು.

“ನಾನೇ ಸರ್. ಅಪ್ಪ ಹೋದ ವರ್ಷ. ಕೈ ನಿಲ್ಲಲಿಲ್ಲ.”

ಕಪ್ತಾನರು ಕಣ್ಣು ಮುಚ್ಚಿ ಗಂಟೆಯ ಮೇಲೆ ನಿಧಾನ ಹೆಬ್ಬೆರಳಾಡಿಸಿದರು, ಆ ತುದಿಯಿಂದ ಈ ತುದಿಗೆ.

“ಇದೆಯಲ್ಲಮ್ಮ. ಪೂರ್ತಿ ಹೆಸರು ಕೈಗೆ ಸಿಗುತ್ತೆ. ಇದೇ ಬರಲಿ.”

ಇದನ್ನು ಹೇಳುವಾಗ ಗಂಟೆಯಕ್ಕ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾರೆ. ಸೋಮವಾರ ಗಂಟೆ ಹಡಗು ಹತ್ತಲಿದೆ. ಹತ್ತೊಂಬತ್ತು ವರ್ಷ ಅದನ್ನು ಉಜ್ಜಿದವರು ಒಂದು ಸಲವೂ ಅದರ ದನಿ ಕೇಳಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಬಟ್ಟೆ ಮಡಚುತ್ತಾ ನಗುತ್ತಾರೆ.

“ಮೊದಲನೇ ಸಲ ಹೊಡೆಯೋವಾಗ ದಡದಲ್ಲಿ ನಿಂತಿರಬೇಕು, ಅಷ್ಟೇ. ಅಪ್ಪ ಸುಳ್ಳು ಹೇಳೋರಲ್ಲ. ಆದ್ರೂ ಆ ಸೌಟಿಗಿಂತ ಎಷ್ಟು ಚೆಂದ ಅಂತ ನಾನೂ ಒಂದ್ಸಲ ಕೇಳ್ಬೇಕಲ್ಲ.”