ಕೋಕೋದಲ್ಲಿ ಬೆರೆಸಿದ ಪುಂಡಿ ಸೊಪ್ಪು

ತಮ್ಮ ಕೇಳಿದ್ದನ್ನು ನಾನು ಮಾಡಿಕೊಡಲಿಲ್ಲ. ಮಾಡಿಕೊಟ್ಟೆ ಎಂದು ಹೇಳಿದೆ, ಅಷ್ಟೇ.

ಹಿರಿಯೂರಿನ ಈ ಮನೆಯಲ್ಲಿ ನಾವಿಬ್ಬರೇ. ನನ್ನ ಗಂಡ ತೀರಿಕೊಂಡ ಮೇಲೆ ತಮ್ಮನೇ ನನ್ನನ್ನು ಕರೆತಂದು ಇಟ್ಟುಕೊಂಡ. ಬೇಕರಿಯಲ್ಲಿ ಕೇಕು ಬೇಯಿಸುತ್ತಿದ್ದವನು. ಮೈದಾ ಮೂಟೆ ಹೊತ್ತು ಮೆಟ್ಟಿಲಿಳಿಯುವಾಗ ಬಿದ್ದು ಸೊಂಟದ ನರಕ್ಕೆ ಪೆಟ್ಟಾಯಿತು. ಅಂದಿನಿಂದ ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವುದೇ ಅವನ ಓಡಾಟ. ಗುಳಿಗೆ ನುಂಗಿದರೂ ನೋವು ಹಿಮ್ಮಡಿವರೆಗೆ ಎಳೆಯುತ್ತಿತ್ತು.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಯಾರೋ ಭಂಗಿ ಸೊಪ್ಪನ್ನು, ಅಂದರೆ ಗಾಂಜಾ ಎಲೆಯನ್ನು, ಬೆಣ್ಣೆಯಲ್ಲಿ ಕಾಯಿಸಿ, ಕೋಕೋ ಪುಡಿಗೆ ಬೆರೆಸಿ, ನೋವಿಗೆಂದು ಕೇಕು ಮಾಡುವುದನ್ನು ನೋಡಿದ.

"ಅಕ್ಕ, ಕುರಿಗೆ ಭೇದಿ ಹತ್ತಿದ್ರೆ ಅಪ್ಪ ಬೆಲ್ಲದಾಗೆ ಇದನ್ನೇ ಇಟ್ಟು ತಿನ್ನಿಸ್ತಿರ್ಲಿಲ್ವಾ?"

"ಕುರಿಗೆ ಕಣೋ. ನಿನಗಲ್ಲ."

"ನಾನೀಗ ಕುರಿಗಿಂತ ಕಡೆ. ಅದು ಎದ್ದು ಮೇಯಾಕಾದ್ರೂ ಹೋಗ್ತಿತ್ತು."

ಇಬ್ಬರೂ ನಕ್ಕೆವು. ಆದರೆ ಅವನು ಬಿಡಲಿಲ್ಲ. ಮಾರಿಕಣಿವೆ ಕಡೆ ಕುರಿ ಕಾಯುವ ನೆಂಟರವನಿಗೆ ಫೋನು ಮಾಡಿ ಒಂದು ಪೊಟ್ಟಣ ತರಿಸಿಯೇಬಿಟ್ಟ.

ಪೊಟ್ಟಣ ಕೈಗೆ ಬಂದೊಡನೆ ಸೆರಗಿನಡಿ ಮುಚ್ಚಿಕೊಂಡೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವಳು ನಾನು. ಕಾನೂನು ಗೊತ್ತಿಲ್ಲ, ಪೊಲೀಸರು ಗೊತ್ತು. ನನ್ನನ್ನು ಹಿಡಿದೊಯ್ದರೆ ಇವನಿಗೆ ಒಂದು ಲೋಟ ನೀರು ಕೊಡುವವರು ಯಾರು? "ನನಗೆ ಭಯ, ಮಾಡಲ್ಲ" ಎಂದು ನೇರವಾಗಿ ಹೇಳಬಹುದಿತ್ತು. ಅವನ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. ಪೊಟ್ಟಣವನ್ನು ತಿಪ್ಪೆಯಲ್ಲಿ ಹೂತೆ. ಹಿತ್ತಲಿನಲ್ಲಿ ಸಾರಿಗೆ ಹಾಕುವ ಹುಳಿ ಪುಂಡಿ ಗಿಡ ಇತ್ತು. ಅದರ ಎಲೆಯೂ ಭಂಗಿಯಂತೆ ಬೆರಳು ಬಿಡಿಸಿಕೊಂಡಿರುತ್ತದೆ. ಒಣಗಿಸಿ ಪುಡಿ ಮಾಡಿದರೆ ಯಾರಿಗೆ ತಿಳಿಯುತ್ತದೆ?

ಅವನು ಮಂಚದಿಂದಲೇ ಕೂಗುತ್ತಿದ್ದ. "ಬೆಣ್ಣೆ ಸೀಯ್ಬಾರ್ದು! ಕೋಕೋ ಗಂಟಾಗದಂಗೆ ತಿರುವು!" ಎಷ್ಟೋ ದಿನಗಳ ನಂತರ ಅವನ ದನಿಯಲ್ಲಿ ಬೇಕರಿಯ ಗತ್ತು ಬಂದಿತ್ತು. ಕುಕ್ಕರಿನ ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ ಕೇಕು ಬೇಯಿಸಿದೆ.

"ಹುಳಿ ಐತಲ್ಲಕ್ಕ?"

"ಕೋಕೋ ಹಳೇದೇನೋ."

"ಕೋಕೋ ಹಳೇದಾದ್ರೆ ಹುಳಿ ಬರುತ್ತಾ? ಬೇಕರಿಯೋನಿಗೇ ಹೇಳ್ತೀಯಲ್ಲ. ಸೊಪ್ಪಿಂದಿರ್ಬೇಕು, ಬಿಡು."

ತಿಂದು ಮಲಗಿ, ಸೂರು ನೋಡುತ್ತಾ ಕಾದ. "ಈಗ ಹತ್ತುತ್ತೆ ನೋಡು" ಎಂದ. ನಾನು ಬಾಗಿಲಲ್ಲಿ ಕೂತು ಅವನು ಕಾಯುವುದನ್ನೇ ನೋಡಿದೆ. ಮರುದಿನ ದೊಡ್ಡ ತುಂಡು ಕೇಳಿದ. ಅದರ ಮರುದಿನ ಇನ್ನೂ ದೊಡ್ಡದು. ಕೊನೆಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನನ್ನ ಮೈಗೆ ಇದೂ ನಾಟ್ಲಿಲ್ಲ" ಎಂದ.

ಆಮೇಲೆ ಅವನು ಅಡುಗೆಮನೆಯ ಕಡೆಗೆ ಕೂಗುವುದನ್ನು ಬಿಟ್ಟ. ಅವನ ಊಟ ಮಂಚದ ಬಳಿ ಆರುತ್ತಿತ್ತು. ನಾನು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದೆ. ನಡುವೆ ಇದ್ದದ್ದು ಒಂದು ಗೋಡೆ. ಒಂದೇ ಮನೆಯಲ್ಲಿ ಒಬ್ಬರು ಕೆಮ್ಮುವುದು ಮಾತ್ರ ಇನ್ನೊಬ್ಬರಿಗೆ ಕೇಳುತ್ತಿತ್ತು.

ಚಿತ್ರದುರ್ಗದ ಆಸ್ಪತ್ರೆಗೆ ನರದ ನೋವು ನೋಡುವ ಡಾಕ್ಟರು ಬರುತ್ತಾರೆಂದು ಆಶಾ ಕಾರ್ಯಕರ್ತೆ ಹೇಳಿಹೋದಳು. ನಾನು ಆಟೋದವನಿಗೂ ಹೇಳಿಟ್ಟೆ. ಆಟೋ ಬಂದು ಹಾರ್ನ್ ಹೊಡೆದರೂ ತಮ್ಮ ಏಳಲಿಲ್ಲ.

"ಬ್ಯಾಡಕ್ಕ. ಭಂಗಿಗೇ ಬಗ್ಗದ ನೋವು ಡಾಕ್ಟ್ರಿಗೆ ಬಗ್ಗುತ್ತಾ? ಕಳಿಸ್ಬಿಡು ಅವನ್ನ."

ಗೋಡೆಯತ್ತ ಹೊರಳಿದ. ನಾನು ಮಂಚದ ಅಂಚಿಗೆ ಕೂತೆ.

"ನೀನು ತಿಂದಿದ್ದು ಭಂಗಿ ಅಲ್ಲ ಕಣೋ. ಹಿತ್ಲ ಪುಂಡಿ ಸೊಪ್ಪು. ಭಂಗಿ ಪೊಟ್ಟಣನ ನಾನು ತಿಪ್ಪೆಗೆ ಹಾಕ್ದೆ."

ಅವನು ಗೋಡೆಗೆ ಕೈಯೂರಿ ಎದ್ದು ಕೂತ. ಆಮೇಲೆ ನನ್ನ ಕಡೆ ತಿರುಗಿದ.

"ನಾನು ಅಷ್ಟು ದಿನ ಕಾದಿದ್ನ ನೋಡ್ಕಂಡು ಸುಮ್ನೆ ಕುಂತಿದ್ದೆಯಾ?"

"ಹೂಂ, ಕುಂತಿದ್ದೆ. ಹೆದ್ರಿಕೆಗೆ ನಿನ್ನ ನಂಬಿಸಿ ಮೋಸ ಮಾಡ್ದೆ. ತಪ್ಪಾಯ್ತು ಕಣಪ್ಪ. ತಪ್ಪು ನಂದು, ನಿನ್ನ ಮೈದಲ್ಲ. ನನ್ನ ಕ್ಷಮಿಸು."